ಕರೆಂಟು ಹೋದರೂ ಉಳಿಯುವ ಯುದ್ಧ: ನಾಲ್ಕು ಆಟಗಳ ಹೋಲಿಕೆ

ಫೀಲ್ಡ್ ಆಫ್ ಗ್ಲೋರಿ 2 ಕೊಂಡ ಮೇಲೆ ಉಳಿದ ಯುದ್ಧದ ಆಟಗಳು ನನ್ನ ಹಾರ್ಡ್‌ಡಿಸ್ಕಿನಲ್ಲಿ ಜಾಗ ತಿನ್ನುತ್ತಾ ಬಿದ್ದಿವೆ. ಹಾಗಾಗಿ ಇದನ್ನು ನಿಷ್ಪಕ್ಷಪಾತ ಹೋಲಿಕೆ ಅಂತ ಯಾರೂ ಓದಬೇಡಿ. ರ್‍ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡು ಯಾವುದು ಎಂಬ ವಿವರ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದಲ್ಲೇ ಸಿಗುತ್ತದೆ. ದಾವಣಗೆರೆಯಲ್ಲಿ ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ಹಳೇ ಡೆಸ್ಕ್‌ಟಾಪಿನ ಮುಂದೆ ಕೂರುವವನಿಗೆ ಯಾವುದು ಒಗ್ಗುತ್ತದೆ ಅನ್ನೋದಷ್ಟೇ ನನ್ನ ವಿಷಯ.

ನೋಡಲು ಎಲ್ಲಕ್ಕಿಂತ ಚೆಂದ ಇರುವುದು ಎಂಪೈರ್: ಟೋಟಲ್ ವಾರ್. 2009ರ ಆಟ, ಹಳೇ ಯಂತ್ರದಲ್ಲೂ ಓಡುತ್ತದೆ. ಕಥೆ 1700ರಿಂದ ಶುರು, ಭೂಪಟದಲ್ಲಿ ಇಂಡಿಯಾಕ್ಕೇ ಪ್ರತ್ಯೇಕ ರಂಗವಿದೆ, ಮರಾಠರ ಪರವಾಗಿ ಆಡಬಹುದು. ಮೈಸೂರೂ ಇದೆ, ಆದರೆ ಅದನ್ನು ಕಂಪ್ಯೂಟರೇ ನಡೆಸುತ್ತದೆ, ನಮ್ಮ ಕೈಗೆ ಕೊಡುವುದಿಲ್ಲ. ಹೈದರಾಲಿಯ ಹೆಸರು ಕೇಳುತ್ತಲೇ ಬೆಳೆದ ನನ್ನಂಥ ಚಿತ್ರದುರ್ಗದವನಿಗೆ ಇದು ಸ್ವಲ್ಪ ಹೊಟ್ಟೆ ಉರಿಯುವ ಸಂಗತಿ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಏನೆಂದರೆ, ಯುದ್ಧದ ನಡುವೆ ಸೇವ್ ಮಾಡಲು ಬರುವುದಿಲ್ಲ. ಭೂಪಟದ ಮೇಲೆ ಇರುವಾಗ ಎಷ್ಟು ಸಲ ಬೇಕಾದರೂ ಸೇವ್ ಮಾಡಿ. ಎರಡು ಸೈನ್ಯ ಎದುರಾಗಿ ರಣರಂಗ ತೆರೆದುಕೊಂಡಿತೋ, ಮುಗಿಯುವ ತನಕ ಬಿಡುಗಡೆ ಇಲ್ಲ. ದೊಡ್ಡ ಕಾಳಗ ಅರ್ಧ ಗಂಟೆ ದಾಟುವುದೂ ಉಂಟು.

ಈಗ ಇದನ್ನು ಬೇಸಿಗೆ ರಾತ್ರಿಯ ಕರೆಂಟಿನ ಜೊತೆ ಇಟ್ಟು ನೋಡಿ. ಮನೆಯಲ್ಲಿ ಇನ್ವರ್ಟರ್ ಇದೆ, ಫ್ಯಾನು ಲೈಟಿಗೆ ತೊಂದರೆಯಿಲ್ಲ. ಆದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಆ ಅರೆಕ್ಷಣ ಡೆಸ್ಕ್‌ಟಾಪ್ ತಾಳುವುದಿಲ್ಲ, ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಯುಪಿಎಸ್ ಕೂಡ ಇದೆ, ಅದರ ಬ್ಯಾಟರಿಗೆ ಈಗ ಕೀಂ ಕೀಂ ಅನ್ನುವಷ್ಟೇ ಶಕ್ತಿ. ಬಲಪಕ್ಕದಿಂದ ಕುದುರೆ ದಂಡು ಸುತ್ತು ಹಾಕಿ ಬಂದು ತೋಪುಗಳ ಮೇಲೆ ಇನ್ನೇನು ಬೀಳಬೇಕು, ಟಪ್! ಕರೆಂಟು ಬಂದ ಮೇಲೆ ಅದೇ ಸಾಲು ನಿಲ್ಲಿಸುವುದು, ಅದೇ ಗುಡ್ಡ ಹತ್ತಿಸುವುದು. ಎರಡನೇ ಸಲಕ್ಕೆ ಮೊದಲಿನ ಉಮೇದು ಇರುವುದಿಲ್ಲ.

ಕಾಳಗ ಆಡದೆ ಫಲಿತಾಂಶ ಮಾತ್ರ ಹೇಳಿಸಿಕೊಳ್ಳುವ ಬಟನ್ನೂ ಇದೆ. ಅದು ಮದುವೆಗೆ ಹೋಗಿ ಊಟ ಮಾಡದೆ ವಾಪಸು ಬಂದ ಹಾಗೆ. ಟೋಟಲ್ ವಾರ್ ಕೊಳ್ಳುವುದೇ ಕಾಳಗಕ್ಕಾಗಿ.

ಏಜ್ ಆಫ್ ಎಂಪೈರ್ಸ್ 2 ಮಕ್ಕಳಿಗೆ ಬಲು ಇಷ್ಟ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಪ್ಯಾಕಿನಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಸೇರಿಕೊಂಡರು, ರಾಜೇಂದ್ರ ಚೋಳನ ದಂಡಯಾತ್ರೆಯೂ ಇದೆ. ಆದರೆ ಕಟ್ಟಿಗೆ ಕಡಿಸು, ಹೊಲ ಹಾಕಿಸು, ಅಷ್ಟರಲ್ಲಿ ದಾಳಿ ತಡೆ ಅನ್ನುವ ಅವಸರಕ್ಕೆ ನನ್ನ ಮಣಿಕಟ್ಟು ಒಪ್ಪುವುದಿಲ್ಲ.

ಯೂರೋಪಾ ಯೂನಿವರ್ಸಾಲಿಸ್ 4 ಬೇರೆ ಜಾತಿಯದು. ಶುರುವಾಗುವುದು 1444ರ ನವೆಂಬರ್ 11ಕ್ಕೆ, ವಿಜಯನಗರದ ಪರವಾಗಿ ಆಡಿದರೆ ಬಡಗಣ ದಿಕ್ಕಿಗೆ ಬಹಮನಿಗಳು ಕಾದಿರುತ್ತಾರೆ. ಬೇಕಾದಾಗ ನಿಲ್ಲಿಸಿ ಎದ್ದು ಹೋಗಬಹುದು. ಕಾಳಗವನ್ನು ಮಾತ್ರ ದಾಳವೇ ತೀರ್ಮಾನಿಸುತ್ತದೆ, ನಾವು ಸುಮ್ಮನೆ ನೋಡಬೇಕು. ನನಗೆ ಹಿಡಿಸಿದ್ದು ಅದರ ಮುತ್ತಿಗೆ. ಕೋಟೆಯೊಳಗೆ ಇವತ್ತು ಆಹಾರ ಮುಗಿಯಿತು, ನೀರು ಮುಗಿಯಿತು, ಗೋಡೆ ಒಡೆಯಿತು ಎಂದು ಒಂದೊಂದಾಗಿ ವರದಿ ಬರುತ್ತದೆ. ದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ನೋಡಿದವರಿಗೆ ಅದರ ಬೆಲೆ ಗೊತ್ತು. ಮಳೆ ನೀರು ಬಂಡೆಯ ನಡುವೆಯೇ ನಿಲ್ಲುವ ದುರ್ಗಕ್ಕೆ ‘ನೀರು ಮುಗಿಯಿತು’ ಅನ್ನುವ ದಾಳ ಸುಲಭಕ್ಕೆ ಬೀಳುತ್ತಿತ್ತೇ? 1779ರಲ್ಲಿ ಕೋಟೆ ಕೈಸೇರುವ ಮೊದಲು ಹೈದರಾಲಿ ಮತ್ತೆ ಮತ್ತೆ ಬಂದು ಮುತ್ತಬೇಕಾಯಿತು. ಈ ಆಟದ ಹೆಚ್ಚುವರಿ ಪ್ಯಾಕುಗಳ ಪಟ್ಟಿ ಮಾತ್ರ ಕಿರಾಣಿ ಚೀಟಿಗಿಂತ ಉದ್ದ, ನನ್ನ ಜೇಬಿಗೆ ಆಗದು.

ಇನ್ನು ನನ್ನ ಆಟ. ಫೀಲ್ಡ್ ಆಫ್ ಗ್ಲೋರಿ 2 ಬಂದಿದ್ದು 2017ರಲ್ಲಿ. ಮೂಲ ಆಟದ ಕಾಲ ಕ್ರಿ.ಪೂ. 280ರಿಂದ 25, ಅಂದರೆ ರೋಮ್, ಅದರ ಎದುರಾಳಿ ಕಾರ್ತೇಜ್, ಕಾರ್ತೇಜಿನ ಸೇನಾಪತಿ ಹ್ಯಾನಿಬಾಲ್. ಚೌಕದ ಮನೆಗಳ ಮೇಲೆ ಸರದಿ ಪ್ರಕಾರ ನಡೆ. ಬೇಕೆಂದಾಗ ಸೇವ್ ಮಾಡಬಹುದು, ಕರೆಂಟು ಹೋದರೆ ಹೋಗುವುದು ಹೆಚ್ಚೆಂದರೆ ಒಂದು ಸರದಿ. ಒಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತಾ ಆಡಬಹುದು, ಮಿರ್ಚಿ ಇದ್ದರೆ ಮೌಸಿಗೆ ಎಣ್ಣೆಯಾಗುತ್ತದೆ, ಅಷ್ಟೇ.

ಸತ್ತವರ ಲೆಕ್ಕಕ್ಕಿಂತ ದಳದ ಶಿಸ್ತು ಎಷ್ಟು ಉಳಿದಿದೆ ಅನ್ನೋದೇ ಇಲ್ಲಿ ಮುಖ್ಯ. ಒಮ್ಮೆ ಕದಲಿದ ಸಾಲು ಪೂರ್ತಿ ಒಡೆದು ಓಡುವುದಕ್ಕೆ ತಡವಿಲ್ಲ. ಉದ್ದ ಈಟಿಯವರನ್ನು ಕಲ್ಲು-ಮುಳ್ಳಿನ ನೆಲಕ್ಕೆ ಇಳಿಸಿದರೆ ಸಾಲು ತಾನಾಗಿಯೇ ಕೆಡುತ್ತದೆ. ಗೆದ್ದ ಕುದುರೆ ದಂಡೂ ಓಡುವವರ ಬೆನ್ನು ಹತ್ತಿ ಹೊರಟಿತೆಂದರೆ ನಮ್ಮ ಮಾತು ಕೇಳುವುದಿಲ್ಲ, ಅದಿಲ್ಲದೆಯೇ ಉಳಿದ ಯುದ್ಧ ನಡೆಸಬೇಕು.

ದುರ್ಗದಲ್ಲಿರುವ ಅಕ್ಕನ ಮಗನೂ ಇದನ್ನೇ ಕೊಂಡಿದ್ದಾನೆ. ಇಬ್ಬರೂ ಒಟ್ಟಿಗೆ ಆನ್‌ಲೈನ್ ಇರಬೇಕಿಲ್ಲ, ಅವನು ತನ್ನ ನಡೆ ಮುಗಿಸಿದರೆ ಅದು ಸರ್ವರಿನಲ್ಲಿ ಕಾಯುತ್ತದೆ. “ಮಾಮ, ನಿಮ್ಮ ಸರದಿ ಬಂದು ಎರಡು ದಿನ ಆಯ್ತು, ಸೋಲು ಒಪ್ಪಿಕೊಳ್ತೀರಾ?” ಅಂತ ವಾಟ್ಸಾಪಿನಲ್ಲಿ ಕೆಣಕುತ್ತಾನೆ.

ಕೊರತೆ ಇಲ್ಲವೆಂದಲ್ಲ. ಸೈನಿಕರ ಚಲನೆ ಮಂಕು. ಬಯಲು ಕಾಳಗ ಬಿಟ್ಟರೆ ಮುತ್ತಿಗೆಯೇ ಇಲ್ಲ. ಏಳು ಸುತ್ತಿನ ಕೋಟೆಯ ಊರಿನವನು ಕೋಟೆಯಿಲ್ಲದ ಆಟ ಮೆಚ್ಚಿದ್ದೇಕೆ ಅಂತ ಅಳಿಯನೇ ನಗುತ್ತಾನೆ.

ಕೊಳ್ಳುವುದಾದರೆ ಸೇಲ್ ಬರುವವರೆಗೆ ಕಾದು ಮೂಲ ಆಟ ಮಾತ್ರ ತೆಗೆದುಕೊಳ್ಳಿ, ಪ್ಯಾಕುಗಳ ಯೋಚನೆ ಆಮೇಲೆ. ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಇದ್ದವರಿಗೆ ನನ್ನ ಕರೆಂಟಿನ ಗೋಳು ಅನ್ವಯಿಸುವುದಿಲ್ಲ. ಅವರು ಎಂಪೈರ್ ಹಾಕಿಕೊಂಡು ಮರಾಠರಿಂದ ಶುರು ಮಾಡಲಿ.