ಬೆಳಕು ಕಡಿಮೆ, ಗಾಳಿ ಒಣ: ಯಾವ ಗಿಡ ಇಡುವುದು?

ಮೈಸೂರಿನ ಕುವೆಂಪುನಗರದಂಥ ಕಡೆ, ಪಕ್ಕದ ಕಟ್ಟಡ ಬಿಸಿಲನ್ನೆಲ್ಲ ತಡೆದು ನಿಂತ ಫ್ಲ್ಯಾಟಿಗೆ ನನ್ನ ಮೊದಲ ಆಯ್ಕೆ ಝೀಝೀ ಗಿಡ. ಪೂರ್ವ ಆಫ್ರಿಕಾ ಮೂಲದ ಇದರ ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆಗಳಿದ್ದು, ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಮಾರ್ಚ್, ಏಪ್ರಿಲ್‌ನ ಒಣಹವೆಗೂ ಜಗ್ಗುವುದಿಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರುಣಿಸಿದರೆ ಸಾಕು. ಬೆಳವಣಿಗೆ ಮಾತ್ರ ಬಲು ನಿಧಾನ. ಸ್ನೇಕ್ ಪ್ಲಾಂಟ್ ಅಷ್ಟೇ ಗಟ್ಟಿ. ನೆಟ್ಟಗೆ ಬೆಳೆಯುವುದರಿಂದ ಇಕ್ಕಟ್ಟಾದ ಮೂಲೆಗೆ ಹೇಳಿ ಮಾಡಿಸಿದ್ದು. ಎಲೆಗಳ ನಡುವೆ ನೀರು ನಿಂತರೆ ಬುಡ ಕೊಳೆಯುತ್ತದೆ, ಎಚ್ಚರ. ಮನಿ ಪ್ಲಾಂಟ್ ಅಗ್ಗ, ಬೇಗ ಹಬ್ಬುತ್ತದೆ. ಆದರೆ ಮಬ್ಬು ಬೆಳಕಿನಲ್ಲಿ ಎಲೆಯ ಹಳದಿ ಮಚ್ಚೆ ಮಾಸುತ್ತದೆ. ಫರ್ನ್ ಬೇಡವೇ ಬೇಡ, ಒಣಗಾಳಿಗೆ ಎಲೆಯಂಚು ಕಂದಿ ಉದುರುತ್ತದೆ. ಅಂಬೆಗಾಲಿಡುವ ಮಗುವಿದ್ದರೆ ಮೊದಲ ಮೂರನ್ನೂ ಎತ್ತರದಲ್ಲಿಡಿ; ಎಲೆ ಅಗಿದರೆ ಬಾಯಿ ಉರಿ, ವಾಂತಿ ಬರಬಹುದು.