ಹಾಸನದ ಹಿಮೋಫಿಲಿಯಾ ವಿಭಾಗ: ಮಗನಿಗೆ ಚಿಕಿತ್ಸೆಯುಂಟು, ತಾಯಿಗೆ ಫೈಲೇ ಇಲ್ಲ

ಹಾಸನದ ಆಸ್ಪತ್ರೆಯೊಂದರ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ವಿಭಾಗಕ್ಕೆ ನಾನು ಮಗನನ್ನು ಸಕಲೇಶಪುರದಿಂದ ವರ್ಷಗಳಿಂದ ಕರೆತರುತ್ತಿದ್ದೇನೆ. ಅವನ ಚಿಕಿತ್ಸೆಯ ಬಗ್ಗೆ ನನ್ನಲ್ಲಿ ಕೃತಜ್ಞತೆಯಷ್ಟೇ ಇದೆ. ಮೊಣಕಾಲು ಊದಿಕೊಂಡು ಬಂದ ಹುಡುಗನನ್ನು ಚೀಟಿಯ ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆದು, ಎಕ್ಸ್‌ರೇಗಿಂತ ಮೊದಲೇ ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್, ಕೊಡುತ್ತಾರೆ. ಪುಡಿಯ ಬಾಟಲಿಯನ್ನು ಕುಲುಕದೆ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಕರಗಿಸುವುದನ್ನು ಅಲ್ಲಿನ ಸಿಸ್ಟರ್ ನನಗೂ ತಾಳ್ಮೆಯಿಂದ ಕಲಿಸಿದ್ದಾರೆ.

ಕೊರತೆ ಇರುವುದು ಹೆಂಗಸರ ವಿಷಯದಲ್ಲಿ. ನನ್ನ ತಂದೆಗೂ ಫ್ಯಾಕ್ಟರ್ 8ರ ಕೊರತೆಯಿಂದಾಗುವ ಹಿಮೋಫಿಲಿಯಾ 'ಎ' ಇತ್ತು. ದೋಷವಿರುವ ಜೀನ್, ತಂದೆಯಿಂದ ಹೆಣ್ಣುಮಕ್ಕಳೆಲ್ಲರಿಗೂ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಅಂಥ ತಂದೆಯ ಹೆಣ್ಣುಮಕ್ಕಳೆಲ್ಲರೂ ವಾಹಕಿಯರೇ (ಆ ಜೀನ್ ಹೊತ್ತವರೇ) ಆಗಿರುತ್ತಾರೆ. ಅವರಲ್ಲಿ ಹಲವರ ಫ್ಯಾಕ್ಟರ್ ಮಟ್ಟವೂ ಕಡಿಮೆಯಿರುತ್ತದೆ. ಮಟ್ಟವು ಸಾಮಾನ್ಯ ಮಟ್ಟದ ಶೇ. 40ಕ್ಕಿಂತ ಕೆಳಗಿದ್ದರೆ ಅವರನ್ನು ಬರೀ ವಾಹಕಿಯರೆನ್ನದೆ ಹಿಮೋಫಿಲಿಯಾ ರೋಗಿಗಳೆಂದೇ ಪರಿಗಣಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರು 2021ರಲ್ಲಿಯೇ ಹೇಳಿದ್ದಾರೆ. ಆದರೂ ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ಬದಲಿಸಬೇಕಾದ ನನಗೆ ದೊರೆತದ್ದು ರಕ್ತಹೀನತೆಗೆಂದು ಕಬ್ಬಿಣಾಂಶದ ಮಾತ್ರೆ, ಮತ್ತೆ ಅದೇ ಮಾತ್ರೆ. ನನ್ನ ರಕ್ತವನ್ನೂ ಪರೀಕ್ಷಿಸಿ ಎಂದು ಈ ವಿಭಾಗದಲ್ಲಿ ಕೇಳಿದಾಗ, "ಇದು ಗಂಡುಮಕ್ಕಳ ಕಾಯಿಲೆ ಕಣಮ್ಮ" ಎಂದು ಕೌಂಟರಿನಲ್ಲಿದ್ದವರು ಮಗನ ಫೈಲನ್ನೇ ಮುಂದೆ ತಳ್ಳಿದರು.

ಹೊಸದಾಗಿ ಬಂದ ವೈದ್ಯೆಯೊಬ್ಬರು ಕೊನೆಗೆ ಕಿವಿಗೊಟ್ಟರು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಸಿ, ತಡವಾದರೆ ಫಲಿತಾಂಶ ಕೆಡುತ್ತದೆಂದು ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ಕೂಡಲೇ ಬೇರ್ಪಡಿಸಿ, ಮಂಜುಗಡ್ಡೆಯಂತೆ ಶೈತ್ಯೀಕರಿಸಿ ಬೆಂಗಳೂರಿಗೆ ಕಳುಹಿಸಿದರು. ನನ್ನ ಮಟ್ಟ ಶೇ. 28 ಇತ್ತು. ಮುಟ್ಟಿನ ದಿನಗಳಲ್ಲಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆದುಕೊಟ್ಟ ಮೇಲೆ ಸ್ರಾವ ಎಷ್ಟೋ ಹತೋಟಿಗೆ ಬಂದಿದೆ. ಹಲ್ಲು ಕೀಳಿಸುವ ಮುನ್ನ ಹೇಳಬೇಕು, ಹೊಟ್ಟೆನೋವಿಗೆ, ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ನುಂಗಬಾರದು ಎಂಬುದನ್ನೂ ಅವರೇ ತಿಳಿಸಿದರು.

ಒಬ್ಬ ವೈದ್ಯೆಯ ಕಾಳಜಿಯಿಂದ ಆದದ್ದು ವಿಭಾಗದ ಪದ್ಧತಿಯೇ ಆಗಬೇಕು. ಹುಡುಗನ ಹೆಸರು ನೋಂದಾಯಿಸುವಾಗಲೇ ಅವನ ತಾಯಿ ಮತ್ತು ಅಕ್ಕತಂಗಿಯರ ಪರೀಕ್ಷೆಗೂ ಬರೆದುಕೊಡಬೇಕು. ಮುಟ್ಟಿನ ಪ್ರಶ್ನೆಗಳನ್ನು ಗಂಡಸರು ಕುಳಿತಿರುವ ಹಜಾರದಲ್ಲಿ ಕೇಳಬಾರದು. ಬಹಳಷ್ಟು ಹೆಂಗಸರು "ಏನೂ ತೊಂದರೆಯಿಲ್ಲ" ಎಂದುಬಿಡುವುದು ಆ ಕಾರಣಕ್ಕೇ. ಎಲ್ಲಕ್ಕಿಂತ ಮುಖ್ಯವಾಗಿ ಹೆರಿಗೆ ವಾರ್ಡಿನೊಂದಿಗೆ ಸಂಪರ್ಕ ಬೇಕು. ಬಸುರಿಯಲ್ಲಿ ತಾನಾಗಿ ಏರುವ ಫ್ಯಾಕ್ಟರ್ 8, ಹೆರಿಗೆಯ ನಂತರ ಇಳಿಯುವುದರಿಂದ, ಮನೆಗೆ ಕಳುಹಿಸಿದ ಮೇಲೂ ಬಾಣಂತಿಗೆ ವಿಪರೀತ ರಕ್ತಸ್ರಾವವಾಗಬಹುದು. ಫ್ಯಾಕ್ಟರ್ 9ರ ಕೊರತೆಯಿಂದಾಗುವ ಹಿಮೋಫಿಲಿಯಾ 'ಬಿ' ಇರುವ ಮನೆತನದವರಲ್ಲಿ ಆ ಫ್ಯಾಕ್ಟರ್ ಅಷ್ಟಾಗಿ ಏರುವುದೂ ಇಲ್ಲ. ಮಗುವಿಗೂ ಕಾಯಿಲೆ ಇರಬಹುದಾದ್ದರಿಂದ ಅದರ ತಲೆಗೆ ವ್ಯಾಕ್ಯೂಮ್ ಹಾಕಿ ಎಳೆಯಬಾರದೆಂಬುದು ಹೆರಿಗೆ ಮಾಡಿಸುವವರಿಗೆ ಮುಂಚೆಯೇ ಗೊತ್ತಿರಬೇಕು.

ಮಗನ ಚಿಕಿತ್ಸೆಗಾದರೆ ಈ ವಿಭಾಗಕ್ಕೆ ಧೈರ್ಯವಾಗಿ ಹೋಗಿ. ಹೋಗುವ ತಾಯಂದಿರು ನಿಮ್ಮ ಹೆಸರಿನಲ್ಲೂ ಚೀಟಿ ಮಾಡಿಸಿ, ಫ್ಯಾಕ್ಟರ್ ಮಟ್ಟ ನೋಡಬೇಕೆಂದು ಬಾಯಿಬಿಟ್ಟು ಕೇಳಿ. ನನ್ನ ಮಗಳು ಇನ್ನೂ ದೊಡ್ಡವಳಾಗಿಲ್ಲ. ಅವಳ ರಕ್ತವನ್ನು ಮುಂದಿನ ಭೇಟಿಯಲ್ಲೇ ತೆಗೆಸುತ್ತಿದ್ದೇನೆ.