ಆರು ರಾಣಿಯರ ಕೈಗೆ ಮೈಕು: 'ಸಿಕ್ಸ್' ಪಾಪ್ ಸಂಗೀತ ನಾಟಕ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಗೆ ಆರು ಮದುವೆಗಳಾದವು ಎಂಬುದು ಕೇವಲ ಪರೀಕ್ಷೆಗಾಗಿ ಇತಿಹಾಸ ಓದಿದವರಿಗೂ ನೆನಪಿರುತ್ತದೆ. ಆ ಆರು ಮಂದಿ ಯಾರೆಂದು ಕೇಳಿದರೆ ಹೆಚ್ಚಿನವರು ಆನ್ ಬೊಲೀನ್ ಹೆಸರಿಗೇ ನಿಂತುಬಿಡುತ್ತಾರೆ. ಟೋಬಿ ಮಾರ್ಲೋ ಮತ್ತು ಲೂಸಿ ಮಾಸ್ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಬರೆದ, 2017ರಲ್ಲಿ ಎಡಿನ್‌ಬರೊ ಫ್ರಿಂಜ್ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡ 'ಸಿಕ್ಸ್', ಹೆನ್ರಿಗೆ ರಂಗದ ಮೇಲೆ ಕಾಲಿಡಲೂ ಬಿಡದೆ ಆ ಆರೂ ರಾಣಿಯರ ಕೈಗೆ ಮೈಕು ಕೊಡುತ್ತದೆ. ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿನ ಇದರ ಪ್ರಯೋಗಕ್ಕೆ 2022ರಲ್ಲಿ ಸಂಗೀತ ಮತ್ತು ವಸ್ತ್ರವಿನ್ಯಾಸಕ್ಕಾಗಿ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗಳು ಬಂದವು. ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗಿ ಟಿಕೆಟ್ ಕೊಳ್ಳುವ ಅನುಕೂಲವಿಲ್ಲದ ತುಮಕೂರಿನ ನಮ್ಮಂಥವರಿಗೆ 2018ರ ಆಲ್ಬಮ್ ಇದೆ. ನಡುವಿನ ಮಾತುಗಳು ಅದರಲ್ಲಿ ಇಲ್ಲದಿದ್ದರೂ ಕಥೆಯ ಬಹುಪಾಲು ಹಾಡುಗಳಲ್ಲೇ ಇರುವುದರಿಂದ ನಷ್ಟ ದೊಡ್ಡದಲ್ಲ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಕುಳಿತು ಕುರುಕ್ಷೇತ್ರ ನಾಟಕ ನೋಡಿದವರಿಗೆ ಇದರ ಕಟ್ಟು ತೀರ ಹೊಸದೆನಿಸುವುದಿಲ್ಲ. ದುರ್ಯೋಧನ, ಭೀಮ, ಕರ್ಣರು ತಮ್ಮ ತಮ್ಮ ಹಾಡಿನೊಂದಿಗೆ ಪ್ರವೇಶಿಸಿ ಹಿರಿಮೆ ಹೇಳಿಕೊಳ್ಳುವಂತೆ ಇಲ್ಲಿಯೂ ಒಬ್ಬೊಬ್ಬ ರಾಣಿ ಸರದಿಯ ಮೇಲೆ ಮುಂದೆ ಬಂದು ಹಾಡುತ್ತಾಳೆ. ಆದರೆ ಇಲ್ಲಿನ ಪೈಪೋಟಿ ಸಂಕಟದ್ದು: ಹೆನ್ರಿಯಿಂದ ಯಾರು ಎಲ್ಲರಿಗಿಂತ ಹೆಚ್ಚು ನೊಂದಳೋ ಅವಳೇ ತಂಡದ ಮುಖ್ಯ ಗಾಯಕಿ. ಹಾರ್ಮೋನಿಯಂ ಮೇಷ್ಟ್ರ ಜಾಗದಲ್ಲಿ ಕೀಬೋರ್ಡ್, ಗಿಟಾರ್, ಬೇಸ್, ಡ್ರಮ್ಸ್ ನುಡಿಸುವ ನಾಲ್ವರು ಮಹಿಳೆಯರಿರುತ್ತಾರೆ. ವಿರಾಮವಿಲ್ಲದೆ ಸುಮಾರು 80 ನಿಮಿಷದಲ್ಲಿ ಆಟ ಮುಗಿಯುತ್ತದೆ.

ಇಡೀ ಕೃತಿಯನ್ನು ಎತ್ತಿ ನಿಲ್ಲಿಸುವುದು ಐದನೆಯ ರಾಣಿ ಕ್ಯಾಥರಿನ್ ಹೊವರ್ಡ್ ಹಾಡುವ 'ಆಲ್ ಯೂ ವಾನ್ನಾ ಡೂ'. ಅಮೆರಿಕದ ಪಾಪ್ ಗಾಯಕಿ ಅರಿಯಾನಾ ಗ್ರಾಂಡೆಯ ಧಾಟಿಯಲ್ಲಿ, ತನ್ನ ಹಿಂದೆ ಬಿದ್ದ ಗಂಡಸರ ಬಗ್ಗೆ ಬಿಂಕದಿಂದ ಹೇಳಿಕೊಳ್ಳುವ ಹುಡುಗಿಯ ಹಾಡಾಗಿ ಅದು ಶುರುವಾಗುತ್ತದೆ. ಮೊದಲು ಸಂಗೀತದ ಗುರು. ಹಾಡಿನ ಪ್ರಕಾರ ಅವನಿಗೆ 23, ಅವಳಿಗೆ 13. ಆ ಲೆಕ್ಕ ಕೇಳುಗರ ತಲೆಗೆ ಹೋಗುವಷ್ಟರಲ್ಲಿ ಎರಡನೆಯವನು ಬಂದಿರುತ್ತಾನೆ, ಆಮೇಲೆ ದೊರೆ, ಕೊನೆಗೆ ಸ್ನೇಹಿತನೆಂದು ಅವಳು ನಂಬಿದ್ದ ಆಸ್ಥಾನಿಕ. ಪಲ್ಲವಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ. ಹಾಡುವವಳ ದನಿ ಮಾತ್ರ ಬೇರೆಯಾಗುತ್ತ ಹೋಗಿ, ಕೊನೆಯ ಸುತ್ತಿನಲ್ಲಿ ಕುಣಿಸುತ್ತಿದ್ದ ಅದೇ ತಾಳ ಅವಳನ್ನು ಅಟ್ಟಿಸಿಕೊಂಡು ಬರುತ್ತಿರುವಂತೆ ಕೇಳಿಸುತ್ತದೆ. 1542ರ ಫೆಬ್ರವರಿಯಲ್ಲಿ ಆಕೆಯ ಶಿರಚ್ಛೇದ ಮಾಡಿಸಿದಾಗ ವಯಸ್ಸು ಇಪ್ಪತ್ತರ ಆಸುಪಾಸು. ನಡತೆಗೆಟ್ಟವಳೆಂದು ಚರಿತ್ರೆ ಬದಿಗೆ ಸರಿಸಿದ ಹುಡುಗಿಯ ಪರವಾಗಿ ಇಷ್ಟು ಜಾಣ ವಕಾಲತ್ತನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಾಲ್ಕನೆಯ ರಾಣಿ, ಕ್ಲೀವ್ಸ್‌ನ ಆನ್ನಾಳ ಭಾಗ ಬರೀ ನಗು. ಆಸ್ಥಾನ ಚಿತ್ರಕಾರ ಹೋಲ್ಬೈನ್ ಬರೆದ ಅವಳ ಚಿತ್ರ ನೋಡಿ ಒಪ್ಪಿದ ಹೆನ್ರಿ, ಎದುರಿಗೆ ಕಂಡ ಮೇಲೆ ಬೇಡವೆಂದು 1540ರಲ್ಲಿ ಆರು ತಿಂಗಳಿಗೇ ಮದುವೆ ರದ್ದು ಮಾಡಿಸಿದ. ಆಕೆ ಅರಮನೆ, ಆಸ್ತಿ ಪಡೆದು ಅವನಿಗಿಂತ ಹತ್ತು ವರ್ಷ ಹೆಚ್ಚೇ ಬಾಳಿದಳು. ಮೂರನೆಯ ರಾಣಿ ಜೇನ್ ಸೀಮೋರಳ ನಿಧಾನಗತಿಯ ಹಾಡು ನನಗೆ ಸಪ್ಪೆಯೆನಿಸಿತು. ಧರ್ಮಸುಧಾರಣೆಯಲ್ಲಿ ನಿಜವಾದ ಆಸಕ್ತಿಯಿದ್ದ ಆನ್ ಬೊಲೀನಳನ್ನು ಪೂರ್ತಿ ತಮಾಷೆಯ ಹುಡುಗಿಯನ್ನಾಗಿಸಿದ್ದು ಸರಿಯೆನಿಸುವುದಿಲ್ಲ. ನೋವಿನ ಈ ಹರಾಜನ್ನು ಕೊನೆಯ ರಾಣಿ, ಸ್ವಂತ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದ್ದ ಕ್ಯಾಥರಿನ್ ಪಾರ್, ತಡೆದು ನಿಲ್ಲಿಸುವ ಘಟ್ಟ ಚೆನ್ನಾಗಿದೆ. ಅದರ ನಂತರ ಆರೂ ಮಂದಿ ತಮಗೆ ಬೇಕಾದ ಬದುಕನ್ನು ಕಲ್ಪಿಸಿಕೊಂಡು ಹಾಡುವ ಮುಕ್ತಾಯ ಕಿವಿಗೆ ಇಂಪಾದರೂ ಸಲೀಸಾಗಿ ಸಿಕ್ಕ ಪರಿಹಾರದಂತಿದೆ.

ಇಂಗ್ಲಿಷ್ ಬಹಳ ವೇಗವಾದದ್ದು, ಆಡುನುಡಿಯದ್ದು; ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳುವುದು ಒಳ್ಳೆಯದು. ದ್ವಂದ್ವಾರ್ಥದ ಸಾಲುಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ, ಪಿಯುಸಿ ಮತ್ತು ಪದವಿ ತರಗತಿಗಳ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹೇಳಬಹುದು. ಷಫಲ್ ಹಾಕದೆ ಆಲ್ಬಮ್ಮಿನ ಕ್ರಮದಲ್ಲೇ ಕೇಳಬೇಕು, ಏಕೆಂದರೆ ಆನ್ನಾಳ ನಗುವಿನ ಬೆನ್ನಿಗೆ ಹೊವರ್ಡಳ ಹಾಡು ಬರುವುದರಿಂದಲೇ ಪಾರ್ ಸ್ಪರ್ಧೆಯಿಂದ ಹಿಂದೆ ಸರಿಯುವುದು ಏಕೆಂದು ಅರ್ಥವಾಗುತ್ತದೆ.